ಆ ಕಾಗೆ ಯಾವ ಕಾಗೆ?

ಕರ್ನಾಟಕದಲ್ಲಿ ದಿನಾ ಕಣ್ಣಿಗೆ ಬೀಳುವ ಕಾಗೆಗಳಲ್ಲಿ ಎರಡು ಜಾತಿ ಇವೆ. ಒಂದು ಊರುಕಾಗೆ, ಇನ್ನೊಂದು ಕಾಡುಕಾಗೆ. ತಿಥಿಯ ದಿನ ಎಡೆ ಇಟ್ಟು ಕಾಯುವವರಿಗೆ ಯಾವುದು ಬಂದು ಮುಟ್ಟಿದರೂ ಸಮಾಧಾನವೇ. ಹಕ್ಕಿ ನೋಡುವವರಿಗೆ ಮಾತ್ರ ಅಷ್ಟಕ್ಕೆ ಸಮಾಧಾನವಿಲ್ಲ.

ಎಲ್ಲರೂ ಹೇಳಿಕೊಡುವ ಗುರುತು ಬಣ್ಣದ್ದು. ಊರುಕಾಗೆಯ ಹಣೆ, ನೆತ್ತಿ, ಗಂಟಲು, ರೆಕ್ಕೆ, ಬಾಲ ಕಪ್ಪು. ಕುತ್ತಿಗೆ ಮತ್ತು ಎದೆ ಬೂದು. ಕಾಡುಕಾಗೆ ಮೈತುಂಬ ಕಪ್ಪು, ಹೊಳೆಯುವ ಕಪ್ಪು. ಹತ್ತಿರದಲ್ಲಿ, ಒಳ್ಳೆ ಬೆಳಕಿನಲ್ಲಿ ಇಷ್ಟು ಸಾಕು. ಆದರೆ ಮಧ್ಯಾಹ್ನದ ಬಿಳಿ ಆಕಾಶದ ಎದುರು ತಂತಿಯ ಮೇಲೆ ಕೂತ ಕಾಗೆ ಯಾವುದಾದರೂ ಕಪ್ಪಗೇ ಕಾಣುತ್ತದೆ. ಅದೂ ಅಲ್ಲದೆ ಬೂದು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಉತ್ತರ ಭಾರತದ ಊರುಕಾಗೆಯ ಕುತ್ತಿಗೆ ತಿಳಿ ಬೂದು. ಇಲ್ಲಿ ದಕ್ಷಿಣದ ತುದಿಯಲ್ಲಿ, ಶ್ರೀಲಂಕಾದಲ್ಲಿ, ಅದು ಗಾಢವಾಗುತ್ತದೆ. ಬಣ್ಣವನ್ನೇ ನಂಬಿ ಕೂತರೆ ಮೋಸ ಹೋಗುತ್ತೇವೆ.

ನಾನು ಮೊದಲು ನೋಡುವುದು ಕೊಕ್ಕನ್ನು. ಕಾಡುಕಾಗೆಯ ಕೊಕ್ಕು ದಪ್ಪ, ಭಾರ. ಮೇಲಿನ ಅಂಚು ಬಿಲ್ಲಿನಂತೆ ಬಾಗಿ ತುದಿಗೆ ಇಳಿಯುತ್ತದೆ. ಊರುಕಾಗೆಯದ್ದು ಅದಕ್ಕಿಂತ ಸಪೂರ. ಬೆಳಕು ಎಷ್ಟೇ ಕೆಟ್ಟಿರಲಿ, ಪಕ್ಕದಿಂದ ನೋಡಿದರೆ ಕೊಕ್ಕಿನ ಆಕಾರ ಸಿಕ್ಕೇ ಸಿಗುತ್ತದೆ. ಗಾತ್ರದಲ್ಲೂ ವ್ಯತ್ಯಾಸ ಇದೆ. ಊರುಕಾಗೆ ಸುಮಾರು 40 ಸೆಂಟಿಮೀಟರ್ ಉದ್ದ, ಕಾಡುಕಾಗೆ ಇನ್ನೂ ದೊಡ್ಡದು. ಆದರೆ ಎರಡೂ ಅಕ್ಕಪಕ್ಕ ಕೂತರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ, ಅಲ್ವಾ?

ಇನ್ನು ಕೂಗು. ಊರುಕಾಗೆಯದ್ದು ಮೂಗಿನಿಂದ ಬಂದಂಥ, ಚಪ್ಪಟೆ ‘ಕಾ ಕಾ’. ಕಾಡುಕಾಗೆಯ ಕೂಗು ಒರಟು, ಗಂಟಲಾಳದಿಂದ ಬಂದದ್ದು. ವಿಜ್ಞಾನಿಗಳಿಗೂ ಈ ದನಿಯಿಂದ ಸಾಕಷ್ಟು ಸಹಾಯವಾಗಿದೆ. ನಮ್ಮ ಕಾಡುಕಾಗೆಗೆ ವೈಜ್ಞಾನಿಕ ಹೆಸರು ಕೊಟ್ಟದ್ದು ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ಸೈಕ್ಸ್, 1832ರಲ್ಲಿ, ದಖ್ಖನಿನ ಹಕ್ಕಿಗಳನ್ನು ಪಟ್ಟಿ ಮಾಡುವಾಗ. ಆಮೇಲೆ ಬಹುಕಾಲ ಇದನ್ನು ಹಿಮಾಲಯದಿಂದ ಜಪಾನಿನವರೆಗೆ ಹರಡಿರುವ ದೊಡ್ಡ ಕೊಕ್ಕಿನ ಕಾಗೆಯ ಒಂದು ಬಗೆ ಎಂದೇ ಎಣಿಸುತ್ತಿದ್ದರು. ಕೂಗು ಬೇರೆ, ಡಿಎನ್‌ಎ ಕೂಡ ಬೇರೆ ಎಂದು ಗೊತ್ತಾದ ಮೇಲೆ ಹಕ್ಕಿಗಳ ಹಲವು ಪಟ್ಟಿಗಳು ಇದನ್ನು ಪ್ರತ್ಯೇಕ ಜಾತಿಯಾಗಿ ಒಪ್ಪಿಕೊಂಡವು.

ಜಾಗ ನೋಡಿ ಗುರುತಿಸಬಹುದೇ? ಅರ್ಧ ಮಾತ್ರ. ಕಾಡುಕಾಗೆ ಊರಿಗೂ ಬರುತ್ತದೆ, ಬೆಂಗಳೂರಿನ ಮರಗಳಲ್ಲೂ ಇದೆ. ಆದರೆ ಊರುಕಾಗೆ ಮನುಷ್ಯರನ್ನು ಬಿಟ್ಟು ಬದುಕುವುದಿಲ್ಲ. ಅದಕ್ಕೇ ದಟ್ಟ ಕಾಡಿನೊಳಗೆ ಕಂಡ ಕಾಗೆ ಹೆಚ್ಚುಕಡಿಮೆ ಕಾಡುಕಾಗೆಯೇ. ಅಲ್ಲಿ ಅವು ಒಂದೇ ಕಡೆ ಸೇರಿ ಗಲಾಟೆ ಮಾಡುತ್ತಿದ್ದರೆ ಹುಲಿಯೋ ಚಿರತೆಯೋ ಬೇಟೆ ಹೊಡೆದಿರಬಹುದು ಎಂದು ಕಾಡು ಬಲ್ಲವರು ಊಹಿಸುತ್ತಾರೆ.

ಮನುಷ್ಯರನ್ನು ಅಂಟಿಕೊಂಡೇ ಊರುಕಾಗೆ ಸಮುದ್ರವನ್ನೂ ದಾಟಿತು. 1890ರ ದಶಕದಲ್ಲಿ ಕಸ ತಿಂದು ಊರು ಚೊಕ್ಕ ಮಾಡಲಿ ಎಂದು ಅದನ್ನು ಪೂರ್ವ ಆಫ್ರಿಕಾದ ದ್ವೀಪ ಜಾಂಜಿಬಾರ್‌ಗೆ ಒಯ್ದರು. ಹಡಗು ಹತ್ತಿ ತಾನಾಗಿಯೇ ಹೋದವೂ ಇವೆ. 1994ರಲ್ಲಿ ಎರಡು ಊರುಕಾಗೆಗಳು ನೆದರ್‌ಲ್ಯಾಂಡ್ಸ್‌ನ ಬಂದರಿನಲ್ಲಿ ಕಾಣಿಸಿಕೊಂಡವು. ಪೂರ್ವ ಆಫ್ರಿಕಾದ ಕರಾವಳಿಯಲ್ಲಿ ಅವು ಈಗ ಬೇರೆ ಹಕ್ಕಿಗಳ ಮೊಟ್ಟೆ, ಮರಿ ತಿಂದು ದೊಡ್ಡ ಕಾಟವಾಗಿವೆ. 10 ಲಕ್ಷ ಊರುಕಾಗೆಗಳನ್ನು ಕೊಲ್ಲುವ ಯೋಜನೆಯನ್ನು ಕೀನ್ಯಾ 2024ರಲ್ಲಿ ಪ್ರಕಟಿಸಿತು. ಅಲ್ಲಿ ಬಿಳಿ ಎದೆಯ, ಆಫ್ರಿಕಾದ್ದೇ ಆದ ಇನ್ನೊಂದು ಕಾಗೆ ಇದೆ. ಬೂದು ಕುತ್ತಿಗೆಯನ್ನು ಸರಿಯಾಗಿ ನೋಡದೆ ವಿಷ ಇಟ್ಟರೆ ಸಾಯುವುದು ಅದೇ.