ನೆರೆ ಇಳಿದ ಮೇಲೆ ನೋಟ್ಸ್ ಬರೆದುಕೊಟ್ಟವರು

2018ರ ಆಗಸ್ಟ್‌ನಲ್ಲಿ ಕೇರಳ ಮುಳುಗಿತಲ್ಲ, ಆಗ ಹಾಳಾದ ಪಠ್ಯಪುಸ್ತಕವನ್ನು ಸರ್ಕಾರ ಮತ್ತೆ ಕೊಡಬಹುದಿತ್ತು. ಆದರೆ ಜೂನ್‌ನಿಂದ ಮಕ್ಕಳು ಬರೆದುಕೊಂಡಿದ್ದ ನೋಟ್ಸ್? ಅದು ಯಾವ ಗೋದಾಮಿನಲ್ಲೂ ಸಿಗುವುದಿಲ್ಲ. ನೀರು ನುಗ್ಗದ ಊರುಗಳ ವಿದ್ಯಾರ್ಥಿಗಳೂ ದೊಡ್ಡವರೂ ಕೂತು, ಗೊತ್ತೇ ಇಲ್ಲದ ಮಕ್ಕಳಿಗೆ ಪುಟಗಟ್ಟಲೆ ಕೈಯಲ್ಲಿ ಬರೆದು ಕಳಿಸಿದರು.

ವಿಕೋಪದಲ್ಲಿ ಮಕ್ಕಳಿಗೆ ಬೇಕಾದದ್ದು ಬರೀ ಸಾಮಾನಲ್ಲ, ಜೊತೆಗೆ ನಿಲ್ಲುವ ಜನ ಅನ್ನುವ ಇಷ್ಟು ಸರಳವಾದ ವಿಷಯ ನಮಗೆ ಹೊಳೆಯಲು ತುಂಬ ವರ್ಷ ಬೇಕಾಯಿತು.

ವಿಕೋಪ ಅಂದರೆ ಮೊದಲೆಲ್ಲ ಅಕ್ಕಿ, ಬಟ್ಟೆ, ಔಷಧಿ. ಅಪ್ಪ ಅಮ್ಮ ಇಲ್ಲದ ಮಕ್ಕಳಿದ್ದರೆ ಅನಾಥಾಶ್ರಮಕ್ಕೆ ಕಳಿಸುವುದು, ಅಷ್ಟೇ. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಸೂಪರ್ ಸೈಕ್ಲೋನ್ ಸುಮಾರು 10 ಸಾವಿರ ಜನರನ್ನು ಕೊಂದ ಮೇಲೆ ಅಲ್ಲಿ ಬೇರೆ ದಾರಿ ಹುಡುಕಿದರು. ಆಕ್ಷನ್‌ಏಡ್ ಸಂಸ್ಥೆ ಹಳ್ಳಿಗಳಲ್ಲೇ ‘ಮಮತಾ ಗೃಹ’ ಮಾಡಿತು. ಮಕ್ಕಳನ್ನು ಕಳೆದುಕೊಂಡ ಹೆಂಗಸರು, ತಾಯಿ ಕಳೆದುಕೊಂಡ ಮಕ್ಕಳು ಒಂದೇ ಸೂರಿನಡಿ, ಅದೂ ತಮ್ಮದೇ ಸೀಮೆಯಲ್ಲಿ. ‘ಸ್ನೇಹ ಕರ್ಮಿ’ ಅಂತ ಕರೆಸಿಕೊಂಡ ಕಾರ್ಯಕರ್ತರು ಮಾಡಿದ್ದೇನು ಅಂದ್ರೆ, ದಿನಾ ಹೋಗಿ ಮಾತಾಡಿಸೋದು, ಆಟ ಆಡಿಸೋದು, ಕೆಲವೊಮ್ಮೆ ಸುಮ್ನೆ ಪಕ್ಕದಲ್ಲಿ ಕೂರೋದು. ಇಂಥ ಕೆಲಸಕ್ಕೆ ಊರಿನವರನ್ನೇ ತಯಾರು ಮಾಡುವುದರಲ್ಲಿ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಪಾಲು ದೊಡ್ಡದು. ಪ್ರತಿ ಮಗುವಿಗೂ ಒಬ್ಬ ಮನೋವೈದ್ಯರನ್ನು ಎಲ್ಲಿಂದ ತರುವುದು? ಟೀಚರು, ಅಂಗನವಾಡಿ ಕಾರ್ಯಕರ್ತೆ, ಪಕ್ಕದ ಮನೆಯ ಅಕ್ಕ ಇದ್ದಾರಲ್ಲ, ಅವರಿಗೇ ಕಲಿಸಿದರಾಯಿತು ಅನ್ನುವುದು ಅಲ್ಲಿನ ಲೆಕ್ಕ.

2004ರ ಡಿಸೆಂಬರ್ 26ರ ಸುನಾಮಿಯಲ್ಲಿ ನಾಗಪಟ್ಟಿಣಂಗೆ ಲಾರಿಗಟ್ಟಲೆ ಹಳೇ ಬಟ್ಟೆ ಬಂದು ರಸ್ತೆ ಬದಿಯಲ್ಲಿ ರಾಶಿ ಬಿತ್ತು. ಇನ್ನೊಂದು ಕಡೆ ಮಕ್ಕಳನ್ನು ದತ್ತು ಕೊಡಿ ಎಂದು ಕೇಳುವವರು ಜಾಸ್ತಿಯಾದರು. ಕೇಳಿದವರಲ್ಲಿ ಬಹಳ ಜನರ ಮನಸ್ಸು ಒಳ್ಳೆಯದೇ ಇರಬಹುದು, ಆದರೆ ಆ ಗದ್ದಲದಲ್ಲಿ ಮಕ್ಕಳ ಸಾಗಣೆ ನಡೆದರೆ ಯಾರಿಗೆ ಗೊತ್ತಾಗುತ್ತದೆ, ಎರಡು ವಾರ ಬಿಟ್ಟು ಚಿಕ್ಕಪ್ಪನೋ ಅಜ್ಜಿಯೋ ಹುಡುಕಿಕೊಂಡು ಬಂದರೆ ಏನು ಹೇಳುವುದು? ಸರ್ಕಾರ ಅವಸರದ ದತ್ತು ತಡೆಯಿತು. ಸರಿಯಾದ ಕೆಲಸ. 2015ರ ಬಾಲನ್ಯಾಯ ಕಾಯ್ದೆಯಂತೂ ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕಡೆಯ ದಾರಿ ಎಂದೇ ಹೇಳುತ್ತದೆ.

ನಮ್ಮಲ್ಲಿ 2009ರಲ್ಲಿ ಉತ್ತರ ಕರ್ನಾಟಕ, 2018ರಲ್ಲಿ ಕೊಡಗು, 2019ರಲ್ಲಿ ಮತ್ತೆ ಬೆಳಗಾವಿ, ಬಾಗಲಕೋಟೆ ಕಡೆ. ಪ್ರತಿ ಸಲವೂ ಒಂದು ತೊಡಕು ಇದ್ದೇ ಇದೆ. ನೆರೆ ಬಂದರೆ ಕಾಳಜಿ ಕೇಂದ್ರ ತೆರೆಯುವುದೇ ಶಾಲೆಯಲ್ಲಿ. ಜನಕ್ಕೆ ಬೇರೆ ಗಟ್ಟಿ ಕಟ್ಟಡ ಎಲ್ಲಿದೆ ಹೇಳಿ? ಆದರೆ ಕೋಣೆ ತುಂಬ ಸಂಸಾರಗಳು ಇರುವಾಗ ಪಾಠ ನಿಲ್ಲುತ್ತದೆ, ಮಗುವಿಗೆ ದಿನವಿಡೀ ದೊಡ್ಡವರ ಸಂಕಟ ನೋಡುವುದೇ ಕೆಲಸ. ಇಂಥ ಕಡೆ ಬಿಸ್ಕತ್ತು ಹಂಚಿ ಫೋಟೊ ಹೊಡೆಸಿಕೊಂಡು ಹೋಗುವವರಿಗಿಂತ, ಜಗಲಿಯ ಮೇಲೆ ಎರಡು ಗಂಟೆ ಕೂತು ಲೆಕ್ಕ ಹೇಳಿಕೊಡುವ ಊರಿನ ಡಿಗ್ರಿ ಹುಡುಗಿ ನನ್ನ ಕಣ್ಣಿಗೆ ದೊಡ್ಡವಳು. ಅವಳು ನಾಳೆಯೂ ಬರುತ್ತಾಳೆ ಅಲ್ವಾ?

2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿದಾಗ, ತಾಯಿ ಇಲ್ಲದ ಹಸುಗೂಸುಗಳಿಗೆ ಹಾಲೂಡಿಸಲು ತಯಾರು ಎಂದು ಇಡುಕ್ಕಿಯ ಒಬ್ಬ ತಾಯಿ ಗಂಡ, ಮಕ್ಕಳ ಜೊತೆ ಹೊರಟಳು. ಗುಡ್ಡ ಕುಸಿದ ಕಡೆಯ ವೆಳ್ಳಾರ್‌ಮಲ ಶಾಲೆ ಹಾಳಾಗಿತ್ತು. ಹೊಸ ಕಟ್ಟಡಕ್ಕೆ ಕಾಯುತ್ತ ಕೂರಲಿಲ್ಲ. ಸೆಪ್ಟೆಂಬರ್ 2ಕ್ಕೆ ಹತ್ತಿರದ ಮೇಪ್ಪಾಡಿಯಲ್ಲಿ ತರಗತಿ ಶುರುವಾಯಿತು, ಚದುರಿಹೋಗಿದ್ದ ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಹಳೇ ಗೆಳೆಯರ ಜೊತೆಗೇ ಕೂರಿಸಿದರು.