ಬಾಯಿಪಾಠ ಮಾಡಿದ ಜರ್ಮನ್ ಎಲ್ಲಿ ಕೈಕೊಡುತ್ತದೆ

ಹಾಸನದಲ್ಲಿ ನನ್ನ ಹತ್ತಿರ ಜರ್ಮನ್ ಕಲಿಯಲು ಬರುವವರಲ್ಲಿ ಜರ್ಮನಿಗೆ ಕೆಲಸಕ್ಕೆ ಹೋಗಬೇಕೆನ್ನುವ ನರ್ಸ್‌ಗಳೇ ಜಾಸ್ತಿ. ಡ್ಯೂಟಿ ಮುಗಿಸಿ ಅರಸೀಕೆರೆ, ಬೇಲೂರು, ಸಕಲೇಶಪುರದಿಂದ ಬಸ್ ಹಿಡಿದು ಬರುತ್ತಾರೆ. ಕಷ್ಟಪಡುವುದರಲ್ಲಿ ಇವರನ್ನು ಮೀರಿಸುವವರಿಲ್ಲ. ಆದರೆ ಪ್ರತಿ ಬ್ಯಾಚಿನಲ್ಲೂ ಒಂದೇ ಬೇಡಿಕೆ: "ಮೇಡಂ, ಸ್ಪೀಕಿಂಗಿಗೆ ಉತ್ತರ ಬರೆದುಕೊಡಿ, ಬಾಯಿಪಾಠ ಮಾಡ್ತೀವಿ."

ನಾನು ಕೊಡುವುದಿಲ್ಲ. ಯಾಕೆ ಅಂತ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಜರ್ಮನ್ ಭಾಷಾ ಪರೀಕ್ಷೆ ನಡೆಸುವ ಗಯಟೆ ಸಂಸ್ಥೆಯ (Goethe-Institut) ಎ1, ಅಂದರೆ ಮೊದಲ ಮಟ್ಟದ ಪರೀಕ್ಷೆಯ ಸ್ಪೀಕಿಂಗ್ ಭಾಗದಲ್ಲಿ ಮೊದಲು ನಿಮ್ಮ ಪರಿಚಯ ಹೇಳಬೇಕು. ಹೆಸರು, ವಯಸ್ಸು, ದೇಶ, ಊರು, ಭಾಷೆ, ಕೆಲಸ, ಹವ್ಯಾಸ. ಇದನ್ನು ಎಲ್ಲರೂ ಸರಾಗವಾಗಿ ಒಪ್ಪಿಸುತ್ತಾರೆ. ಆಮೇಲೆ ಪರೀಕ್ಷಕರು ಒಂದು ಹೆಸರಿನ ಸ್ಪೆಲ್ಲಿಂಗ್ ಕೇಳುತ್ತಾರೆ, ಫೋನ್ ನಂಬರಿನಂಥದ್ದು ಏನಾದರೂ ಕೇಳುತ್ತಾರೆ. ಅಲ್ಲಿಗೆ ಮಾತು ನಿಂತಿತು! ಮಗ್ಗಿ ಬಾಯಿಪಾಠ ಮಾಡಿದ ಮಗುವಿಗೆ ಏಳೆಂಟಲ ಎಷ್ಟು ಅಂದರೆ ಏಳೊಂದಲ ಏಳರಿಂದ ಶುರುಮಾಡುತ್ತದಲ್ಲ, ಹಾಗೆ. ಮಧ್ಯದಲ್ಲಿ ತಡೆದರೆ ಮುಂದಕ್ಕೆ ಹೋಗಲು ದಾರಿ ಇಲ್ಲ.

ಜರ್ಮನ್ ಸಂಖ್ಯೆಗಳಲ್ಲಿ ಇನ್ನೊಂದು ತೊಡಕಿದೆ. 21ರಿಂದ ಮುಂದೆ ಬಿಡಿ ಮೊದಲು, ಹತ್ತು ಆಮೇಲೆ. 45ಕ್ಕೆ ಅವರು 'ಫ್ಯೂನ್ಫ್ ಉಂಟ್ ಫಿಯರ್ಟ್ಸಿಶ್' ಅನ್ನುತ್ತಾರೆ, ಐದು ಮೊದಲು. ಪುಸ್ತಕದಲ್ಲಿ ಓದಿದರೆ ಎರಡು ನಿಮಿಷದ ಪಾಠ. ಕಿವಿಗೆ ಬಿದ್ದ ಕೂಡಲೇ 54 ಅಲ್ಲ, 45 ಅಂತ ಬರೆಯುವುದಕ್ಕೆ ತಿಂಗಳುಗಳು ಬೇಕು. ನಾಳೆ ವಾರ್ಡಿನಲ್ಲಿ ಬಿಪಿ, ರೂಮ್ ನಂಬರು, ಔಷಧದ ಪ್ರಮಾಣ ಎಲ್ಲ ಹೀಗೇ ಕಿವಿಗೆ ಬೀಳುತ್ತವೆ. ಅಲ್ಲಿ ತಪ್ಪಿದರೆ ರೋಗಿಗೆ ತೊಂದರೆ. ಅದಕ್ಕೇ ನಾನು ಇಷ್ಟು ಹಟ ಹಿಡಿಯುವುದು.

"ವಯಸ್ಸಾಯ್ತು ಮೇಡಂ, ಇನ್ನು ನಾಲಿಗೆ ಹೊರಳಲ್ಲ" ಅನ್ನುವವರಿದ್ದಾರೆ. ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಸಕಲೇಶಪುರದ ಕಡೆ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಅಸ್ಸಾಮಿನ ಕೆಲಸಗಾರರು ಬಂದ ಮೇಲೆ, ಐವತ್ತು ದಾಟಿದ ಮನುಷ್ಯ ಹಿಂದಿ ಕಲಿತರು. ಪುಸ್ತಕ ಮುಟ್ಟಲಿಲ್ಲ. ಎಷ್ಟು ಮೂಟೆ ಆಯ್ತು, ಯಾರು ಬಂದಿಲ್ಲ, ಯಾರಿಗೆ ಜ್ವರ, ದಿನಾ ಕೇಳಲೇಬೇಕಿತ್ತು. ವ್ಯಾಕರಣ ಅಷ್ಟಕ್ಕಷ್ಟೆ, ಆದರೆ ಯಾರು ಏನು ಕೇಳಿದರೂ ತಡವರಿಸುವುದಿಲ್ಲ. ಮಗಳಿಗೆ ನಾನು ಹೇಳಿದ್ದು ಇಷ್ಟೆ: ಅಪ್ಪನ ಹಾಗೆ ಕಲಿಯಮ್ಮ, ವ್ಯಾಕರಣ ನಾನು ತಿದ್ದುತ್ತೇನೆ.

ಮನೆಯಲ್ಲಿ ಹೀಗೆ ಮಾಡಿ. ಗೆಳತಿಗೆ ಫೋನ್ ಮಾಡಿ ಹತ್ತು ಸಂಖ್ಯೆ, ಐದು ಹೆಸರಿನ ಸ್ಪೆಲ್ಲಿಂಗ್ ಹೇಳಿ. ಅವಳು ಬರೆದುಕೊಳ್ಳಲಿ. ಮರುದಿನ ಅವಳ ಸರದಿ. ಸುಮ್ನೆ ವಿಡಿಯೋ ನೋಡುತ್ತಾ ಕೂತರೆ ಕಿವಿ ಪಳಗಬಹುದು, ಬಾಯಿ ಪಳಗುವುದಿಲ್ಲ.

ನರ್ಸ್ ನೋಂದಣಿಗೆ ಜರ್ಮನಿಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ (ಎ1, ಎ2, ಬಿ1 ಆದ ಮೇಲಿನದು) ಕೇಳುತ್ತಾರೆ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಿರುತ್ತದೆ, ಏಜೆಂಟರ ಮಾತಿಗೆ ಮೊದಲು ಅದನ್ನು ವಿಚಾರಿಸಿಕೊಳ್ಳಿ. ಗಯಟೆ ಸಂಸ್ಥೆಯ ಬಿ1, ಬಿ2 ಪರೀಕ್ಷೆಗಳಲ್ಲಿ ನಾಲ್ಕು ಭಾಗಗಳಿವೆ, ಪ್ರತಿಯೊಂದರಲ್ಲೂ 100ಕ್ಕೆ 60 ಬೇಕು. ಮಾತಿನ ಭಾಗ ಒಂದರಲ್ಲೇ ಹೋದರೆ ಅದೊಂದನ್ನೇ ಮತ್ತೆ ಬರೆಯಬಹುದು. ಹಾಗೆ ಹೋದವರು ಮತ್ತೆ ಪೂರ್ತಿ ಫೀಸು ಕಟ್ಟುವ ಮೊದಲು ನನ್ನನ್ನು ಬಂದು ನೋಡಿ.