ಹೊಸ ಮನೆ ಕೊಟ್ಟರೂ ಜನ ಮುಳುಗುವ ಊರಿಗೇ ಮರಳುವುದೇಕೆ?

ಓದುಗರ ಪ್ರಶ್ನೆ: ನೆರೆಪೀಡಿತರಿಗೆ ಎತ್ತರದ ಜಾಗದಲ್ಲಿ ಮನೆ ಕಟ್ಟಿಸಿಕೊಟ್ಟರೂ ಹಲವರು ಹಳೆಯ ಊರಿಗೇ ವಾಪಸಾಗುತ್ತಾರಲ್ಲ, ಕೊಟ್ಟದ್ದು ಸಾಲದು ಎಂದೇ?

ಉತ್ತರ: ಎಷ್ಟೋ ಕಡೆ ಕೊಟ್ಟದ್ದಕ್ಕಿಂತ ಎಣಿಸಿದ್ದರಲ್ಲೇ ತಪ್ಪಾಗಿರುತ್ತದೆ. ಸಮೀಕ್ಷೆಗೆ ಬಂದವರು ಗೋಡೆ ಲೆಕ್ಕ ಹಾಕುತ್ತಾರೆ. ಕೊಟ್ಟಿಗೆ, ದೋಣಿ ಕಟ್ಟುವ ದಡ, ನಡೆದು ಹೋಗುವಷ್ಟು ಹತ್ತಿರದ ಹೊಲ, ದಿನಗೂಲಿ ಸಿಗುವ ಪೇಟೆ ಇವು ಪಟ್ಟಿಗೆ ಬರುವುದಿಲ್ಲ. ಹೊಲ ಐದಾರು ಕಿಲೋಮೀಟರ್ ದೂರವಾದರೆ ಬಿತ್ತನೆ, ಕೊಯ್ಲಿನ ಕಾಲದಲ್ಲಿ ರೈತ ಹಳೆಯ ಮನೆಯಲ್ಲೇ ಮಲಗುತ್ತಾನೆ. ಆಮೇಲೆ ದನ ಅಲ್ಲಿಗೆ ಹೋಗುತ್ತದೆ, ದನದ ಹಿಂದೆ ಸಂಸಾರವೂ ಹೋಗುತ್ತದೆ.

ಇನ್ನೊಂದು ಎಡವಟ್ಟು, ಒಂದು ಸೂರಿಗೆ ಒಂದು ನಿವೇಶನ ಎಂಬ ನಿಯಮ. ಒಂದೇ ಮನೆಯಲ್ಲಿ ಮೂವರು ಮದುವೆಯಾದ ಅಣ್ಣತಮ್ಮಂದಿರಿದ್ದರೆ ಹೊಸ ಜಾಗಕ್ಕೆ ಹೋಗುವುದು ಒಂದು ಸಂಸಾರ, ಉಳಿದೆರಡು ಅಲ್ಲೇ. ಆದ್ದರಿಂದ ಎಣಿಸಬೇಕಾದದ್ದು ಒಲೆಗಳನ್ನು. ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು. ಇಲ್ಲವಾದರೆ ಹೆಂಡತಿಗೆ ತಿಳಿಯದಂತೆಯೇ ಹೊಸ ಮನೆ ಮಾರಾಟವಾಗಿಬಿಡಬಹುದು.

ಕಾಗದವಿಲ್ಲದವರು ಮತ್ತು ಬಾಡಿಗೆದಾರರು ಎಲ್ಲಕ್ಕಿಂತ ಮೊದಲು ಪಟ್ಟಿಯಿಂದ ಉದುರುತ್ತಾರೆ. ವಿಶ್ವಬ್ಯಾಂಕ್ ತನ್ನ ಹಣದ ಯೋಜನೆಗಳಿಗೆ ಇಟ್ಟಿರುವ ನಿಯಮ ಇಲ್ಲಿ ಒಳ್ಳೆಯ ಅಳತೆಗೋಲು: ಜಮೀನಿನ ಹಕ್ಕು ಇಲ್ಲದವರಿಗೂ ಕಟ್ಟಡದ ಪರಿಹಾರ ಮತ್ತು ಪುನರ್ವಸತಿ ನೆರವು ಸಲ್ಲಬೇಕು. ಆದರೆ ಒಂದು ಕಡೆಯ ದಿನಾಂಕ ಇರುತ್ತದೆ. ಅದರ ನಂತರ ಬಂದು ಗುಡಿಸಲು ಹಾಕಿದವರಿಗೆ ಇಲ್ಲ. ಆ ದಿನಾಂಕವನ್ನು ಊರಿಗೆಲ್ಲ ಸಾರಬೇಕು. ಗುಟ್ಟಾಗಿಟ್ಟ ದಿನಾಂಕ ಅಧಿಕಾರಿಯ ಕೈಯಲ್ಲಿರುವ ಕತ್ತರಿ, ಅಷ್ಟೇ. ಪಟ್ಟಿಯನ್ನು ಎಲ್ಲರೂ ಓಡಾಡುವ ಜಾಗದಲ್ಲಿ ಅಂಟಿಸಿ, ಆಕ್ಷೇಪಣೆಗೆ ಸಮಯ ಕೊಟ್ಟು, ಪ್ರತಿ ಆಕ್ಷೇಪಣೆಗೂ ಬರಹದಲ್ಲಿ ಉತ್ತರಿಸಬೇಕು.

ಹಳೆಯ ಮನೆಯ ಬೆಲೆಯ ವಿಷಯದಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಯಾವ ದಿನದ ಬೆಲೆ? ನೆರೆ ಬಂದು ಹೋದ ಮೇಲೆ ಅಳೆದರೆ ಮನೆಗೆ ಮಣ್ಣಿನ ಬೆಲೆ. ಅಮೆರಿಕದಲ್ಲಿ ನೆರೆಪೀಡಿತ ಮನೆಗಳನ್ನು ಸರ್ಕಾರವೇ ಕೊಳ್ಳುವ ಯೋಜನೆಗಳಲ್ಲಿ, ನೆರೆ ಬಂದಾಗ ಮಾಲೀಕರಾಗಿದ್ದವರಿಗೆ ನೆರೆಗೆ ಮುಂಚಿನ ಮಾರುಕಟ್ಟೆ ಬೆಲೆ ಕೊಡಲು ಅವಕಾಶವಿದೆ. ಬಡಾವಣೆಯೇ ಅಗ್ಗದ್ದಾಗಿದ್ದರೆ ಅದೂ ಸಾಲದು, ಆ ದುಡ್ಡಿಗೆ ಸುರಕ್ಷಿತ ಜಾಗದಲ್ಲಿ ಮನೆ ಬರುವುದಿಲ್ಲ. ಹೀಗಾಗಿ ಮನೆ ಹಳೆಯದಾಯಿತೆಂದು ಬೆಲೆ ಕಳೆಯದೆ, ನೋಂದಣಿ ಮತ್ತು ಸಾಗಣೆ ಖರ್ಚು ಸೇರಿಸಿ, ಅಂಥದೇ ಮನೆ ಈಗ ಕಟ್ಟಲು ತಗಲುವ ಮೊತ್ತ ಕೇಳುವುದೇ ಸರಿ. ಅಂದಹಾಗೆ, ರಸೀದಿಗಳನ್ನು ಎಸೆಯಬೇಡಿ. ಅಮೆರಿಕದಲ್ಲಿ ರಿಪೇರಿಗೆಂದು ಮೊದಲೇ ಪಡೆದ ನೆರವನ್ನು ಖರೀದಿ ಮೊತ್ತದಿಂದ ಕಳೆಯುತ್ತಾರೆ. ರಿಪೇರಿಗೇ ಖರ್ಚಾಯಿತೆಂದು ರಸೀದಿ ತೋರಿಸಿದರೆ ಆ ಕಡಿತ ತಪ್ಪುತ್ತದೆ.

ತಡವಾದಷ್ಟೂ ಊರು ಕರಗುತ್ತದೆ. 1993ರ ಮಿಸಿಸಿಪಿ ನದಿಯ ನೆರೆಯ ನಂತರ ಅಮೆರಿಕದ ಇಲಿನಾಯ್ ರಾಜ್ಯದ ವಾಲ್‌ಮೇಯರ್ ಊರನ್ನು ಗುಡ್ಡದ ಮೇಲೆ ಹೊಸದಾಗಿ ಕಟ್ಟಿದರು. ಕೆಲಸ ವರ್ಷಗಟ್ಟಲೆ ಎಳೆಯಿತು, ಕಾದು ಸಾಕಾದವರು ಬೇರೆಡೆ ನೆಲೆಸಿದರು. 1990ರಲ್ಲಿ ಸುಮಾರು 900 ಇದ್ದ ಜನಸಂಖ್ಯೆ 2000ದ ಗಣತಿಯಲ್ಲಿ ಸುಮಾರು 600. ಆಸ್ಟ್ರೇಲಿಯಾದ ಗ್ರಾಂಥಮ್‌ನಲ್ಲಿ ಹಾಗಾಗಲಿಲ್ಲ. 2011ರ ಜನವರಿಯಲ್ಲಿ ನೆರೆ, ಅದೇ ವರ್ಷದ ಕೊನೆಗೆ ಮೊದಲ ಸಂಸಾರಗಳು ದಿಬ್ಬದ ಮೇಲಿದ್ದವು. ಸ್ಥಳೀಯ ಆಡಳಿತ ಜಮೀನು ಕೊಂಡು, ಹಳೆಯ ನಿವೇಶನಕ್ಕೆ ಬದಲಾಗಿ ಹೆಚ್ಚುಕಡಿಮೆ ಅಷ್ಟೇ ಅಳತೆಯದನ್ನು ಚೀಟಿ ಎತ್ತಿ ಹಂಚಿತು. ಮೂಲೆಯ ಸೈಟು ಯಾರಿಗೆ ಎಂಬ ಜಗಳಕ್ಕೆ ಆಸ್ಪದವಿರಲಿಲ್ಲ. ಆದರೆ ಇದು ನಿವೇಶನ ಇದ್ದವರಿಗಷ್ಟೇ ಸಲ್ಲುವ ಅದಲುಬದಲು. ಮನೆ ಕಟ್ಟುವ ಖರ್ಚು ಅವರವರದೇ. ಬಾಡಿಗೆದಾರನ ಬಳಿ ಬದಲಿಸಲು ಏನಿದೆ?

ಚೀಟಿಯಲ್ಲೂ ಒಂದು ಎಚ್ಚರಿಕೆ ಬೇಕು. ಒಬ್ಬೊಬ್ಬರಾಗಿ ಎತ್ತಿದರೆ ಅಕ್ಕಪಕ್ಕದವರು ದಿಕ್ಕಾಪಾಲಾಗುತ್ತಾರೆ. ಕೇರಿ ಕೇರಿಯಾಗಿ ಗುಂಪು ಮಾಡಿ ಗುಂಪಿಗೊಂದು ಚೀಟಿ ಎತ್ತಿಸಿದರೆ ಮಗು ನೋಡಿಕೊಳ್ಳುವ ಅಜ್ಜಿ, ಕೈಸಾಲ ಕೊಡುವ ನೆಂಟರು ಹತ್ತಿರದಲ್ಲೇ ಉಳಿಯುತ್ತಾರೆ. ಆದರೆ ಹಳೆಯ ಊರಲ್ಲಿ ಅಂಚಿಗೆ ತಳ್ಳಲ್ಪಟ್ಟ ಕೇರಿ ಹೊಸದರಲ್ಲೂ ತಗ್ಗಿಗೇ ಬೀಳದಂತೆ ನೋಡಿಕೊಳ್ಳಬೇಕು. ಬೀಗದ ಕೈ ಹಂಚುವ ಮುಂಚೆ ನೀರು, ರಸ್ತೆ, ಶಾಲೆ ಸಿದ್ಧವಿರಲಿ.

ಸಹಿ ಹಾಕುವ ಮುನ್ನ ಬಿಟ್ಟುಬರುವ ಜಾಗ ಏನಾಗುತ್ತದೆ ಎಂದೂ ಬರಹದಲ್ಲಿ ಕೇಳಿ. ಅಮೆರಿಕದ ಯೋಜನೆಯಲ್ಲಿ ಖರೀದಿಸಿದ ನೆಲ ಶಾಶ್ವತವಾಗಿ ಬಯಲಾಗಿಯೇ ಇರಬೇಕೆಂಬ ಷರತ್ತು ಕ್ರಯಪತ್ರದಲ್ಲೇ ಇರುತ್ತದೆ. ಅಂಥ ಷರತ್ತು ಇಲ್ಲದ ಕಡೆ ನಿಮ್ಮನ್ನು ಎಬ್ಬಿಸಿದ ದಡದಲ್ಲಿ ನಾಳೆ ತಡೆಗೋಡೆ ಎದ್ದು, ಅದರ ಹಿಂದೆ ಹೋಟೆಲು ಏಳಬಹುದು.